ಮುಖ ಮಸುಕು ಮಾಡಿದರೆ ಮುಗಿಯಿತೇ?

ಸ್ವಯಂಸೇವಾ ಸಂಸ್ಥೆಗಳಿಗೆ ವಿಡಿಯೊ, ಆಡಿಯೊ, ಪೋಸ್ಟರ್ ಮಾಡಿಕೊಡುವುದು ನನ್ನ ಕಸುಬು. ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಅವೇ ನಾಲ್ಕೈದು ಪ್ರಶ್ನೆಗಳು, ವೇಷ ಬದಲಿಸಿಕೊಂಡು ಬರುತ್ತವೆ. ಕ್ಯಾಮೆರಾ ಹಿಡಿಯುವುದು ಹೇಗೆ, ಎಡಿಟಿಂಗ್ ಎಲ್ಲಿ ಕಲಿಯಬಹುದು ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಅದನ್ನು ಕಲಿಸುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ. ಈ ಸಲ ಒಂದೇ ಪ್ರಶ್ನೆಗೆ ಸಿಂಹಪಾಲು ಕೊಡುತ್ತಿದ್ದೇನೆ. ಉಳಿದವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಪ್ರಶ್ನೆ: ನಮ್ಮದು ಬಾಲ್ಯವಿವಾಹ ತಡೆಯುವ ಕೆಲಸ. ಹದಿನೈದು ವರ್ಷದ ಹುಡುಗಿಯೊಬ್ಬಳ ಮದುವೆ ನಿಲ್ಲಿಸಿದೆವು. ಅವಳೂ ಅವಳ ತಾಯಿಯೂ ಮಾತನಾಡಿರುವ ಮೂರು ನಿಮಿಷದ ವಿಡಿಯೊ ಸಿದ್ಧವಾಗಿದೆ. ಹುಡುಗಿಯ ಮುಖ ಮಸುಕು ಮಾಡಿದ್ದೇವೆ, ಹೆಸರು ಬದಲಿಸಿದ್ದೇವೆ, ತಾಯಿಯ ಸಹಿಯೂ ಇದೆ. ಆದರೆ ದಾನಿಗಳು ‘ಮುಖ ಕಂಡರೆ ಮನ ಮುಟ್ಟುತ್ತದೆ’ ಎನ್ನುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ದಾನಿಗಳ ಮಾತು ಹಾಗಿರಲಿ, ನೀವು ಈಗ ಮಾಡಿಟ್ಟಿರುವ ವಿಡಿಯೊವನ್ನೂ ಹೊರಗೆ ಬಿಡಬೇಡಿ.

ತಾಯಿಯ ಸಹಿ ಇದೆ ಎಂದು ಧೈರ್ಯವಾಗಿ ಬರೆದಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬಾಲ್ಯವಿವಾಹದ ಅಪಾಯದಲ್ಲಿರುವ ಮಗು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’. ಕಾನೂನು ಮೀರಿ ಕೆಲಸಕ್ಕೆ ಹಚ್ಚಿದ ಮಗುವೂ ಅದೇ ಸಾಲಿಗೆ ಸೇರುತ್ತದೆ. ನಿಮ್ಮ ಪ್ರಕರಣ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿಯೇ ಇರುತ್ತದೆ. ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಬೇರೆ ಯಾವುದೇ ವಿವರವನ್ನು ಯಾವ ಮಾಧ್ಯಮದಲ್ಲೂ ಪ್ರಕಟಿಸಬಾರದು ಎನ್ನುತ್ತದೆ ಆ ಕಾಯ್ದೆಯ 74ನೇ ಕಲಂ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಹಿತಕ್ಕಾಗಿ ಗುರುತು ಬಹಿರಂಗಪಡಿಸಲೇಬೇಕಾದರೆ ಅನುಮತಿ ಕೊಡಬೇಕಾದದ್ದು ಆ ಸಮಿತಿ. ತಾಯಿಗೆ ಆ ಅಧಿಕಾರವಿಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ. ಅದರಲ್ಲಿ ಕುಟುಂಬದ ವಿವರ, ನೆರೆಹೊರೆ ಎಂಬ ಪದಗಳೇ ಇವೆ. ಅನುಮತಿ ಬೇಕಾದರೆ ವಿಶೇಷ ನ್ಯಾಯಾಲಯಕ್ಕೆ ಹೋಗಬೇಕು. ಅಂತರಜಾಲದಲ್ಲಿ ಸಿಗುವ ‘ಒಪ್ಪಿಗೆ ಪತ್ರದ ಮಾದರಿ’ಯನ್ನು ಇಳಿಸಿಕೊಂಡು ಸಹಿ ಹಾಕಿಸಿದರೆ ಸಾಕು ಎಂದು ಕಾರ್ಯಾಗಾರಗಳಲ್ಲಿ ಹೇಳಿಕೊಡುವ ಪಂಡಿತರಿದ್ದಾರೆ. ಈ ಎರಡು ಕಲಂಗಳನ್ನು ಓದಿದ್ದೀರಾ ಎಂದು ಅವರನ್ನೊಮ್ಮೆ ಕೇಳಿ ನೋಡಿ.

ಇನ್ನು ನಿಮ್ಮ ಮಸುಕಿನ ವಿಚಾರ. ಹುಡುಗಿಯ ಮುಖ ಮುಚ್ಚಿದಿರಿ, ಪಕ್ಕದಲ್ಲೇ ತಾಯಿಯನ್ನು ಕೂರಿಸಿ ಆಕೆಯ ಮುಖ ತೋರಿಸಿದಿರಿ. ಆ ಬಡಾವಣೆಯಲ್ಲಿ ಆಕೆಯ ಮಗಳು ಯಾರೆಂದು ತಿಳಿಯದವರು ಯಾರು? ಈ ಒಂದು ಅಚಾತುರ್ಯ ನನ್ನ ಮುಂದೆ ಬರುವ ಹೆಚ್ಚುಕಡಿಮೆ ಎಲ್ಲ ವಿಡಿಯೊಗಳಲ್ಲೂ ಇರುತ್ತದೆ.

ವಿಡಿಯೊವನ್ನು ಎರಡು ಸಲ ಪರೀಕ್ಷಿಸಿ. ಮೊದಲ ಸಲ ಶಬ್ದ ನಿಲ್ಲಿಸಿ, ಒಂದೊಂದು ಫ್ರೇಮನ್ನೇ ಸರಿಸುತ್ತಾ ನೋಡಿ. ಮುಖದ ಜತೆಗೆ ಮಸುಕೂ ತಾನಾಗಿ ಚಲಿಸುವಂತೆ ಬಿಟ್ಟಿರುತ್ತೀರಿ. ಹುಡುಗಿ ಕೂದಲು ಸರಿಸಲು ಕತ್ತು ತಿರುಗಿಸಿದ ಕ್ಷಣ ಅದು ತಪ್ಪಿ, ಒಂದೆರಡು ಫ್ರೇಮುಗಳಲ್ಲಿ ಮುಖ ಪೂರ್ತಿ ಬಯಲಾಗುತ್ತದೆ. ಓಡುವ ವಿಡಿಯೊದಲ್ಲಿ ಅದು ನಿಮಗೆ ಕಾಣದು. ಮೊಬೈಲ್‌ನಲ್ಲಿ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವವನಿಗೆ ಅಷ್ಟೇ ಸಾಕು. ಆಮೇಲೆ ಹಿನ್ನೆಲೆ ನೋಡಿ. ಗೋಡೆಯ ಮೇಲೆ ಬೆಸ್ಕಾಂ ಮೀಟರು, ಅದರ ಮೇಲೆ ಬಣ್ಣದಲ್ಲಿ ಬರೆದ ಆರ್‌ಆರ್ ಸಂಖ್ಯೆ. ಗೂಟಕ್ಕೆ ನೇತುಹಾಕಿದ ಶಾಲೆಯ ಸಮವಸ್ತ್ರ. ಬಾಗಿಲಾಚೆ ನಿಂತ ನೀರಿನ ಟ್ಯಾಂಕರಿನ ಮೇಲೆ ಮಾಲೀಕನ ಹೆಸರು, ಮೊಬೈಲ್ ನಂಬರ್. ಇಷ್ಟಿದ್ದ ಮೇಲೆ ಮುಖ ಇದ್ದರೆಷ್ಟು, ಬಿಟ್ಟರೆಷ್ಟು?

ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿ. ನೆರೆಯವರು ದನಿಯಿಂದಲೇ ಹುಡುಗಿಯನ್ನು ಗುರುತಿಸುತ್ತಾರೆ. ದನಿಯನ್ನು ಗಡಸು ಮಾಡಿದ್ದೇವೆ ಎನ್ನಬೇಡಿ. ತಂತ್ರಾಂಶದಲ್ಲಿ ಎಷ್ಟು ಇಳಿಸಿದಿರೋ ಅಷ್ಟೇ ಏರಿಸಿದರೆ ಮೂಲ ದನಿ ಬಹುಮಟ್ಟಿಗೆ ವಾಪಸು ಬರುತ್ತದೆ. ಕತ್ತಲಲ್ಲಿ ಕೂರಿಸಿ ತೆಗೆದ ಚಿತ್ರಗಳ ಪಾಡೂ ಅಷ್ಟೇ. ಬೆಳಕು ಏರಿಸಿದರೆ ಎಷ್ಟೋ ಸಲ ಮೂಗು, ಬಾಯಿ ಮೂಡಿಬರುತ್ತವೆ.

ನನ್ನ ಮಾತು ಕೇಳುವಿರಾದರೆ ಹುಡುಗಿಯನ್ನು ಕ್ಯಾಮೆರಾದ ಮುಂದೆ ಕೂರಿಸಲೇಬೇಡಿ. ಅವಳ ಮಾತನ್ನು ಬರೆದುಕೊಳ್ಳಿ, ಗುರುತು ಹತ್ತುವ ವಿವರ ತೆಗೆದುಹಾಕಿ, ಬೇರೆ ಹೆಂಗಸಿನಿಂದ ಓದಿಸಿ. ‘ಗುರುತು ಕಾಪಾಡಲು ದನಿ ಬೇರೆಯವರದು’ ಎಂದು ಪರದೆಯ ಮೇಲೆ ಒಂದು ಸಾಲು ಹಾಕಿ. ಅದರಿಂದ ನಿಮ್ಮ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಚಿತ್ರಕ್ಕೆ ರೇಖಾಚಿತ್ರ ಬರೆಸಿ, ಇಲ್ಲವೇ ಬೇರೆ ಬಡಾವಣೆಯ ಬೀದಿ, ಅಡುಗೆಮನೆ, ಖಾಲಿ ಬೆಂಚು ತೋರಿಸಿ. ದಾನಿಗೆ ಮುಖವೇ ಬೇಕೆಂದರೆ ಮದುವೆ ಮನೆಗೆ ಹೋಗಿ ಬೈಗುಳ ತಿಂದು ಬಂದ ನಿಮ್ಮ ಕಾರ್ಯಕರ್ತೆಯ ಮುಖ ತೋರಿಸಿ, ಆಕೆ ಒಪ್ಪಿದರೆ. ಅದಕ್ಕೂ ಬಗ್ಗದ ದಾನಿಯ ಹಣ ಬೇಡ ಎನ್ನುವ ಸ್ಥಿತಿ ನಿಮ್ಮದಲ್ಲದಿರಬಹುದು. ಆದರೂ ಕಾಯ್ದೆಯ ಕಲಂ ಸಂಖ್ಯೆ ಬರೆದು ಒಂದು ಇಮೇಲ್ ಹಾಕಿ. ಕಾನೂನಿನ ಹೆಸರು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಮೂಲ ಫೈಲುಗಳನ್ನು ಎಲ್ಲಿಟ್ಟಿದ್ದೀರಿ? ‘ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ’ ಎಂಬ ಉತ್ತರ ಬರುವುದೆಂದು ನನಗೆ ಗೊತ್ತು. ಕಳೆದ ವರ್ಷ ಕೆಲಸ ಬಿಟ್ಟುಹೋದ ಹುಡುಗನ ಮೊಬೈಲ್‌ನಲ್ಲಿ ಅವು ಈಗಲೂ ಇರುತ್ತವೆ. ಫೋಟೊಗಳನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಜತೆಗೆ ಹೋಗಿರಬಹುದು. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಎಂದಿಟ್ಟರೆ ಗುಟ್ಟಾಗಿರುತ್ತದೆ ಎಂಬುದೂ ಭ್ರಮೆ. ಕೊಂಡಿ ಸಿಕ್ಕವರೆಲ್ಲ ಅದನ್ನು ನೋಡಬಹುದು.

ದೊಡ್ಡವರ ವಿಚಾರದಲ್ಲಿ ಒಪ್ಪಿಗೆಗೆ ಬೆಲೆಯಿದೆ, ಆದರೆ ಅದನ್ನು ಕೇಳುವ ಕ್ರಮ ನಿಮಗೆ ಗೊತ್ತಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕಳ ಮುಂದೆ ಇಂಗ್ಲಿಷಿನ ಎರಡು ಪುಟ ಇಟ್ಟು ಹೆಬ್ಬೆಟ್ಟು ಒತ್ತಿಸುತ್ತೀರಿ. ರೇಷನ್ ಕಿಟ್ ಕೊಟ್ಟವರೇ ಎದುರಿಗೆ ಕೂತು ‘ವಿಡಿಯೊ ಮಾಡಲೇ ಅಮ್ಮಾ’ ಎಂದರೆ ಆಕೆ ಬೇಡ ಎನ್ನುವುದು ಹೇಗೆ? ನೆರವು ಕೊಡದ ಮೂರನೆಯವರು ಕೇಳಲಿ. ಕನ್ನಡವೋ ತಮಿಳೋ ತೆಲುಗೋ ಉರ್ದುವೋ, ಆಕೆ ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಲಿ. ‘ಇಂಟರ್‌ನೆಟ್‌ನಲ್ಲಿ ಬರುತ್ತದೆ’ ಎಂದರೆ ಆಕೆಗೆ ಏನೂ ಹೇಳಿದಂತಾಗುವುದಿಲ್ಲ. ‘ನಿಮ್ಮ ಸೂಪರ್‌ವೈಸರ್ ನೋಡಬಹುದು, ಊರಿನಲ್ಲಿ ಮೈದುನನ ಮೊಬೈಲ್‌ಗೂ ಬರಬಹುದು’ ಎಂದು ಬಿಡಿಸಿ ಹೇಳಬೇಕು. ಎಡಿಟ್ ಮುಗಿದ ಮೇಲೆ ಆಕೆಗೇ ಮೊದಲು ತೋರಿಸಿ. ಬೇಡವೆಂದ ತುಣುಕನ್ನು ತಕರಾರಿಲ್ಲದೆ ಕತ್ತರಿಸಿ. ಎರಡು ವರ್ಷದ ನಂತರ ಮನಸ್ಸು ಬದಲಾದರೆ ಫೋನ್ ಮಾಡಲು ಒಂದು ಸಂಖ್ಯೆ ಕೊಡಿ, ಮಾಡಿದಾಗ ತೆಗೆದುಹಾಕಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯೂ ಹೇಳುತ್ತದೆ.

ಪ್ರಶ್ನೆ: ಯಾವ ಕ್ಯಾಮೆರಾ ಕೊಳ್ಳಬೇಕು?

ಉತ್ತರ: ಯಾವುದೂ ಬೇಡ. ಇರುವ ಮೊಬೈಲ್‌ಗೆ ಒಂದು ಕಾಲರ್ ಮೈಕ್ ಕೊಳ್ಳಿ. ಕಸದ ಗಾಡಿಯ ಹಾಡು ನಿಂತ ಮೇಲೆ ರೆಕಾರ್ಡ್ ಮಾಡಿ.

ಪ್ರಶ್ನೆ: ನಾವು ಲಾಭಕ್ಕಾಗಿ ಮಾಡುತ್ತಿಲ್ಲ. ಸಿನಿಮಾ ಹಾಡನ್ನು 30 ಸೆಕೆಂಡಿನೊಳಗೆ ಬಳಸಿಕೊಳ್ಳಬಹುದಲ್ಲವೇ?

ಉತ್ತರ: 30 ಸೆಕೆಂಡಿನ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಲಾಭ ಮಾಡದವರಿಗೆಂದು ಇಡಿಯಾಗಿ ವಿನಾಯಿತಿಯೂ ಇಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಬಸವಣ್ಣನವರ ವಚನಕ್ಕೆ ಹಕ್ಕುಸ್ವಾಮ್ಯವಿಲ್ಲ, ಆದರೆ ಅದನ್ನು ಮೊನ್ನೆ ಹಾಡಿ ಬಿಡುಗಡೆ ಮಾಡಿದವರ ರೆಕಾರ್ಡಿಂಗಿಗೆ ಇದೆ. ನಿಮ್ಮ ಸಂಘದಲ್ಲೇ ಹಾಡುವವರು ಇದ್ದೇ ಇರುತ್ತಾರೆ, ಅವರಿಂದ ಹಾಡಿಸಿ.

ಪ್ರಶ್ನೆ: ವಿಡಿಯೊ ವೈರಲ್ ಮಾಡಿಕೊಡುತ್ತೇವೆ ಎಂದು ಒಂದು ಏಜೆನ್ಸಿ ದುಡ್ಡು ಕೇಳುತ್ತಿದೆ.

ಉತ್ತರ: ಕೊಡಬೇಡಿ. ಅವರು ಮಾರುವುದು ಎಣಿಕೆಯನ್ನು. ಆ ಎಣಿಕೆಯ ಹಿಂದೆ ನೋಡುವ ಕಣ್ಣುಗಳೇ ಇರುವುದಿಲ್ಲ. ನಿಮ್ಮ ಬೇಡಿಕೆ ಈಡೇರಿಸಬೇಕಾದ ಅಧಿಕಾರಿ ವಿಕಾಸಸೌಧದಲ್ಲಿ ಕೂತಿದ್ದಾರೆ. ಸಭೆಯ ನಡುವೆ, ಶಬ್ದವಿಲ್ಲದೆ, ಮೊಬೈಲ್‌ನಲ್ಲಿ ಅವರು ನೋಡುವಂತೆ ಒಂದೂವರೆ ನಿಮಿಷದಲ್ಲಿ ಮುಗಿಸಿ.

ಪ್ರಶ್ನೆ: ಗುರುತಿನ ತಾಪತ್ರಯವೇ ಬೇಡವೆಂದು ಕೃತಕ ಬುದ್ಧಿಮತ್ತೆಯಿಂದ ಸಂತ್ರಸ್ತರ ಮುಖ ಮಾಡಿಸಬಹುದೇ?

ಉತ್ತರ: ಕೊಲಂಬಿಯಾದ 2021ರ ಪ್ರತಿಭಟನೆಗಳ ಬಗ್ಗೆ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇದೇ ಉದ್ದೇಶದಿಂದ ಅಂಥ ಚಿತ್ರಗಳನ್ನು ಬಳಸಿ, ಟೀಕೆ ಬಂದ ಮೇಲೆ 2023ರಲ್ಲಿ ತೆಗೆದುಹಾಕಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ದಕ್ಕದ್ದು ನಿಮಗೆ ದಕ್ಕುತ್ತದೆಯೇ? ಒಂದು ಸುಳ್ಳು ಮುಖ ಸಿಕ್ಕರೆ ಸಾಕು, ನಿಮ್ಮ ಎದುರಾಳಿಗಳು ನಿಜವಾದ ಸಾಕ್ಷಿಗಳನ್ನೂ ಸುಳ್ಳೆನ್ನುತ್ತಾರೆ. ಕಲಾವಿದರಿಗೆ ನಾಲ್ಕು ಕಾಸು ಕೊಟ್ಟು ಚಿತ್ರ ಬರೆಸಿ.

ಪ್ರಶ್ನೆ: ಡ್ರೋನ್ ದೃಶ್ಯ ಹಾಕಿದರೆ ಚೆನ್ನಾಗಿರುತ್ತದೆಯೇ?

ಉತ್ತರ: ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ, ಆಚೆಗೆ ಕೆಂಪೇಗೌಡ ವಿಮಾನ ನಿಲ್ದಾಣ, ಇವುಗಳ ನಡುವೆ ಹಾರಿಸಲು ಜಾಗ ಎಲ್ಲಿದೆ ಎಂದು ಮೊದಲು ಡ್ರೋನ್ ಹಾರಾಟಕ್ಕೆಂದು ಸರ್ಕಾರ ಇಟ್ಟಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ. ಕೆರೆ ಒತ್ತುವರಿ ತೋರಿಸಲು ಬೇಕೆಂದರೆ ಅನುಮತಿ ಪಡೆದು ಹಾರಿಸಿ. ಕೊಳೆಗೇರಿಯ ಮೇಲೆ ಬೇಡ. ಅಲ್ಲಿ ಎಷ್ಟೋ ಬಚ್ಚಲುಗಳಿಗೆ ಛಾವಣಿ ಇರುವುದಿಲ್ಲ.

ಪ್ರಶ್ನೆ: ಕನ್ನಡ ಅಡಿಬರಹ ಹಾಕಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಕನ್ನಡಕ್ಕೆ ತಂತ್ರಾಂಶವೇ ಇಲ್ಲವೇ?

ಉತ್ತರ: ಇದೆ, ನೀವು ಹುಡುಕಿಲ್ಲ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಎಡಿಟಿಂಗ್‌ಗೆ ಪ್ರಿಮಿಯರ್ ಪ್ರೊ ಬಳಸುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಫಾಂಟುಗಳು ಉಚಿತ, ಸಣ್ಣ ಪರದೆಯಲ್ಲೂ ಓದಲು ಬರುತ್ತವೆ. ಇನ್ನು, ಯಂತ್ರಾನುವಾದವನ್ನು ಇದ್ದ ಹಾಗೇ ಅಂಟಿಸಿದ ಅಡಿಬರಹಗಳನ್ನು ತಿದ್ದಿಕೊಡಿ ಎಂದು ನನಗೆ ಕಳುಹಿಸಬೇಡಿ.