ಓದುಗರ ಪ್ರಶ್ನೆ: ಲೇಟೆಕ್‌ನಲ್ಲಿ ಹಾಳೆಯ ಅಳತೆ, ಪುಟದ ಅಳತೆ

ಪ್ರಶ್ನೆ: ನನ್ನ ತೀರ್ಥರೂಪರು ಬರೆದಿಟ್ಟಿದ್ದ ಯಕ್ಷಗಾನ ಪ್ರಸಂಗವೊಂದನ್ನು ಲೇಟೆಕ್ (LaTeX) ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿ ಎ4 ಅಳತೆಗೆ, 12 ಪಾಯಿಂಟ್ ಅಕ್ಷರದಲ್ಲಿ ಜೋಡಿಸಿ ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕೊಟ್ಟಿದ್ದೆ. ಪುಸ್ತಕ 1/8 ಡೆಮಿಯಲ್ಲಿ ಬರಬೇಕು, ತಾವೇ ಕುಗ್ಗಿಸಿಕೊಳ್ಳುತ್ತೇವೆ ಎಂದು ಅವರು ಹೇಳಿದರು. ಈಗ ಬಂದಿರುವ ಮಾದರಿ ಪುಟದಲ್ಲಿ ಅಕ್ಷರಗಳು ಇರುವೆಸಾಲಿನಂತಿವೆ. ಮೇಲೆ ಕೆಳಗೆ ಮಾತ್ರ ಜಾಗ ವೃಥಾ ಖಾಲಿ ಬಿದ್ದಿದೆ. ಎಲ್ಲವನ್ನೂ ಮತ್ತೆ ಟೈಪು ಮಾಡಬೇಕೇ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಮಾಸ್ತರರೇ, ಒಂದಕ್ಷರವನ್ನೂ ಮತ್ತೆ ಟೈಪು ಮಾಡಬೇಕಾಗಿಲ್ಲ. ಆದರೆ ಕುಗ್ಗಿಸಿದ ಆ ಮಾದರಿಗೆ ಒಪ್ಪಿಗೆ ಕೊಡಬೇಡಿ.

ಡೆಮಿ ಎಂಬುದು 17.5 × 22.5 ಇಂಚಿನ ಹಾಳೆ. ಅದನ್ನು ಮೂರು ಸಲ ಮಡಚಿದರೆ ಎಂಟು ಎಲೆಗಳು, ಅಂದರೆ ಹದಿನಾರು ಪುಟಗಳು ಸಿಗುತ್ತವೆ. ಅಂಚುಗಳನ್ನು ಕತ್ತರಿಸಿದ ಮೇಲೆ ಪ್ರತಿ ಪುಟವೂ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರಕ್ಕೆ ನಿಲ್ಲುತ್ತದೆ. ಮಿಲಿಮೀಟರಿನಲ್ಲಿ ಹೇಳುವುದಾದರೆ 139.7 × 215.9. ನೀವು ಜೋಡಿಸಿರುವ ಎ4 ಪುಟ 210 × 297 ಮಿಲಿಮೀಟರಿನದು. 210ನ್ನು 139.7ಕ್ಕೆ ಇಳಿಸಬೇಕಾದರೆ ಇಡೀ ಪುಟವನ್ನು ಶೇಕಡಾ 66.5ಕ್ಕೆ ಕುಗ್ಗಿಸಬೇಕಾಗುತ್ತದೆ, ಆಗ ನಿಮ್ಮ 12 ಪಾಯಿಂಟ್ ಅಕ್ಷರ 8 ಪಾಯಿಂಟ್ ಆಗುತ್ತದೆ. ಎರಡು ಪುಟಗಳ ಆಕಾರ ಒಂದೇ ಅಲ್ಲದಿರುವುದರಿಂದ, ಅಗಲ ಸರಿಹೋದಾಗ ಎತ್ತರದಲ್ಲಿ 18 ಮಿಲಿಮೀಟರಿನಷ್ಟು ಜಾಗ ಮಿಗುತ್ತದೆ. ಮೇಲೆ ಕೆಳಗೆ ನೀವು ಕಂಡ ಖಾಲಿ ಜಾಗ ಅದೇ. ಪುಸ್ತಕ ಎ5 ಆಗಿದ್ದರೆ ಆಕಾರವಾದರೂ ಕೂಡಿಬರುತ್ತಿತ್ತು, ಏಕೆಂದರೆ ಎ ಸರಣಿಯ ಎಲ್ಲ ಹಾಳೆಗಳೂ ಒಂದೇ ಅನುಪಾತದವು. ಆದರೆ ಅಕ್ಷರ ಆಗಲೂ ಎಂಟೂವರೆ ಪಾಯಿಂಟಿಗೆ ಇಳಿಯುತ್ತಿತ್ತು.

ಆದ್ದರಿಂದ ಕುಗ್ಗಿಸುವ ಮಾತನ್ನು ಬಿಟ್ಟು, ಲೇಟೆಕ್‌ಗೆ ಪುಸ್ತಕದ ನಿಜವಾದ ಅಳತೆಯನ್ನೇ ಹೇಳಿ. ಕಡತದ ಆರಂಭದಲ್ಲಿ ಪುಟದ ಅಳತೆ, ಅಂಚುಗಳನ್ನು ಹೊಂದಿಸುವ 'ಜಿಯಾಮೆಟ್ರಿ' ಎಂಬ ಪ್ಯಾಕೇಜನ್ನು (ಪೂರಕ ಕಡತವನ್ನು) ಕರೆದು, 'ಪೇಪರ್‌ವಿಡ್ತ್' 5.5 ಇಂಚು, 'ಪೇಪರ್‌ಹೈಟ್' 8.5 ಇಂಚು ಎಂದು ಕೊಡಿ. ಅಂಚುಗಳಿಗೆ ಎಡ, ಬಲ ಎನ್ನುವ ಬದಲು 'ಇನ್ನರ್', 'ಔಟರ್' ಎಂದು ಹೇಳಿದರೆ ಗೊಂದಲವಿಲ್ಲ. ಪುಸ್ತಕದಲ್ಲಿ ಬೆನ್ನಿನ ಕಡೆಯ ಅಂಚು ಬಲಪುಟದಲ್ಲಿ ಎಡಕ್ಕೂ ಎಡಪುಟದಲ್ಲಿ ಬಲಕ್ಕೂ ಬರುತ್ತದೆಯಲ್ಲ! ಕಡತದ ಮೊದಲಲ್ಲಿ ಬರಹದ ಬಗೆಯನ್ನು ಸೂಚಿಸುವ ಕ್ಲಾಸುಗಳ ಪೈಕಿ 'ಬುಕ್' ಕ್ಲಾಸಿನಲ್ಲಿ ಈ ಅದಲುಬದಲು ತಾನಾಗಿ ಆಗುತ್ತದೆ, 'ಆರ್ಟಿಕಲ್' ಕ್ಲಾಸಿನಲ್ಲಾದರೆ 'ಟೂಸೈಡ್' ಎಂದು ಸೇರಿಸಬೇಕು. ಒಳಗೆ 20, ಹೊರಗೆ 15, ಮೇಲೆ 18, ಕೆಳಗೆ 20 ಮಿಲಿಮೀಟರು ಬಿಟ್ಟರೆ ಬರಹಕ್ಕೆ 104.7 ಮಿಲಿಮೀಟರು ಅಗಲ ಉಳಿಯುತ್ತದೆ.

ಈ ಅಗಲ ನಿಮ್ಮ ಪ್ರಸಂಗಕ್ಕೆ ಸಾಕೇ ಎಂಬುದನ್ನು ಗದ್ಯವನ್ನು ನೋಡಿ ನಿರ್ಧರಿಸಲಾಗದು, ಅತಿ ಉದ್ದದ ಪದ್ಯಪಾದವನ್ನು ನೋಡಿ ನಿರ್ಧರಿಸಬೇಕು. ಭಾಮಿನಿ ಷಟ್ಪದಿಯಿಂದ ತೊಂದರೆಯಿಲ್ಲ. ವಾರ್ಧಕದ ಮೂರನೆಯ ಮತ್ತು ಆರನೆಯ ಪಾದಗಳಿಗೆ ಮಾತ್ರ 32 ಮಾತ್ರೆಗಳ ಉದ್ದವಿದೆ. ಲಘುಗಳೇ ಹೆಚ್ಚಾಗಿರುವ ಪಾದವಾದರೆ ಅಕ್ಷರಗಳ ಸಂಖ್ಯೆಯೂ ಏರಿ, ಕೊನೆಯ ಪದ ಮುರಿದು ಕೆಳಗಿನ ಸಾಲಿಗೆ ಬೀಳುತ್ತದೆ. ಹಾಡುವ ಭಾಗವತರಿಗೆ ಅದರಷ್ಟು ಕಿರಿಕಿರಿ ಬೇರೊಂದಿಲ್ಲ. ಆದುದರಿಂದ ಇಡೀ ಪ್ರಸಂಗದಲ್ಲಿ ಅತ್ಯಂತ ಉದ್ದವಾಗಿ ಕಾಣುವ ನಾಲ್ಕೈದು ವಾರ್ಧಕಗಳನ್ನು ಆರಿಸಿ, ಮೊದಲು ಅವನ್ನಷ್ಟೇ ಹೊಸ ಅಳತೆಯಲ್ಲಿ ಜೋಡಿಸಿ ನೋಡಿ. ಒಂದೆರಡು ಅಕ್ಷರ ಹೊರಚಾಚಿದರೆ ಹೊರ ಅಂಚನ್ನು 12 ಮಿಲಿಮೀಟರಿಗೆ ಇಳಿಸಿ ಅಥವಾ ಅಕ್ಷರವನ್ನು 11 ಪಾಯಿಂಟಿಗೆ ತನ್ನಿ. ಒಳ ಅಂಚನ್ನು ಮಾತ್ರ ಮುಟ್ಟಬೇಡಿ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ಒಂದು ಸ್ಮರಣ ಸಂಚಿಕೆಯನ್ನು ಜೋಡಿಸುವಾಗ, ತೆರೆಯ ಮೇಲೆ ಚೆಂದ ಕಾಣುತ್ತದೆಂದು ನಾಲ್ಕೂ ಕಡೆ ಸಮನಾಗಿ 12 ಮಿಲಿಮೀಟರು ಬಿಟ್ಟೆ. ಅಂಟು ಹಾಕಿ ಕಟ್ಟಿದ ದಪ್ಪ ಪುಸ್ತಕ ಕೈಗೆ ಬಂದಾಗ, ಎಡಪುಟದ ಪ್ರತಿ ಸಾಲಿನ ಕೊನೆಯನ್ನು ಓದಲು ಬೆನ್ನನ್ನು ಎರಡೂ ಕೈಯಿಂದ ಅಗಲಿಸಿ ಹಿಡಿಯಬೇಕಾಗುತ್ತಿತ್ತು. ಹಾಗೆ ಅಗಲಿಸಿದವರ ಕೈಯಲ್ಲಿ ಹಾಳೆಗಳು ಬಿಟ್ಟುಬಂದವು ಕೂಡ.

ಇನ್ನು ಸಾಲಿನ ಅಂತರ. 12 ಪಾಯಿಂಟ್ ಅಕ್ಷರಕ್ಕೆ ಲೇಟೆಕ್ ತಾನಾಗಿ ಇಡುವ ಅಂತರ 14.5 ಪಾಯಿಂಟ್. ರೋಮನ್ ಲಿಪಿಗೆ ಅದು ಸಾಕು. ನಮ್ಮಲ್ಲಿ 'ರಾಷ್ಟ್ರ', 'ಸ್ತ್ರೀ' ಎಂಬಂಥ ಪದಗಳ ಒತ್ತುಗಳು ಕೆಳಗಿಳಿದು, ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಅಂತರವನ್ನು 18 ಪಾಯಿಂಟಿಗೆ ಏರಿಸಿ, ಮೇಲೆ ಹೇಳಿದ ಪುಟದಲ್ಲಿ ಆಗಲೂ 28 ಸಾಲುಗಳು ಹಿಡಿಯುತ್ತವೆ. ಪುಟಗಳ ಸಂಖ್ಯೆ ಹೆಚ್ಚುವುದು ಖಂಡಿತ. ಹದಿನಾರು ಪುಟಗಳ ಮಡಚಿದ ಹಾಳೆಗೆ ಒಂದು ಫಾರಂ ಎಂಬ ಲೆಕ್ಕದಲ್ಲಿ ಎಷ್ಟು ಫಾರಂ ಆಗುತ್ತದೆ, ಕೊನೆಯಲ್ಲಿ ಎಷ್ಟು ಪುಟ ಖಾಲಿ ಉಳಿಯುತ್ತದೆ ಎಂಬುದನ್ನು ನೋಡಿಕೊಂಡು ಮುದ್ರಣಾಲಯದವರೊಡನೆ ದರದ ಮಾತಾಡಿ.

ಕತ್ತರಿಸುವ ಗುರುತು ಬೇಕೆಂದು ಅವರು ಕೇಳಿದರೆ, ಅದಕ್ಕೂ ಇದೇ ಪ್ಯಾಕೇಜ್ ಸಾಕು. ಹಾಳೆಯನ್ನು ಎ4 ಎಂದೇ ಇಟ್ಟು, 'ಲೇಔಟ್‌ವಿಡ್ತ್', 'ಲೇಔಟ್‌ಹೈಟ್' ಎಂಬಲ್ಲಿ 1/8 ಡೆಮಿಯ ಅಳತೆಯನ್ನು ಕೊಟ್ಟು, 'ಲೇಔಟ್‌ಆಫ್‌ಸೆಟ್'ನಿಂದ ಪುಟವನ್ನು ಹಾಳೆಯ ಅಂಚಿನಿಂದ ತುಸು ಒಳಕ್ಕೆ ಸರಿಸಿ, 'ಶೋಕ್ರಾಪ್' ಎಂದರೆ ಮೂಲೆಗಳಲ್ಲಿ ಗೆರೆಗಳು ಮೂಡುತ್ತವೆ. ಹಾಳೆ ಬೇರೆ, ಅದರೊಳಗಿನ ಪುಟ ಬೇರೆ, ಪುಟದೊಳಗಿನ ಬರಹದ ಚೌಕಟ್ಟು ಬೇರೆ ಎಂಬ ಭೇದ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್ ವರದಿಗೆ ಎ4 ಹಾಳೆ, ಎಡಕ್ಕೆ 1.5 ಇಂಚು, ಉಳಿದ ಮೂರು ಕಡೆ 1 ಇಂಚು ಅಂಚು ಎಂಬ ನಿಯಮವಿದೆ. ಜಿಯಾಮೆಟ್ರಿಯಲ್ಲಿ ಅಂಚುಗಳನ್ನು ಹಾಗೆಯೇ ಕೊಟ್ಟಿದ್ದೇನೆ. ಆದರೂ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದಾಗ ಮೇಲೆ ಮತ್ತು ಕೆಳಗೆ ಸುಮಾರು ಒಂದೂವರೆ ಇಂಚು ಖಾಲಿ ಬರುತ್ತಿದೆ. ಎಡ, ಬಲಗಳು ಹೆಚ್ಚುಕಡಿಮೆ ಸರಿಯಾಗಿವೆ.
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಲಕ್ಷಣವನ್ನು ಸರಿಯಾಗಿ ಗಮನಿಸಿದ್ದೀರಿ, ಅದರಿಂದಲೇ ಕಾರಣವೂ ತಿಳಿಯುತ್ತದೆ. ಲೇಟೆಕ್‌ನ ಮೂಲ ಕ್ಲಾಸುಗಳು, ನೀವು ಬೇರೆ ಹೇಳದ ಹೊರತು, ಅಮೆರಿಕದ 'ಲೆಟರ್' ಹಾಳೆಯನ್ನೇ ಹಿಡಿಯುತ್ತವೆ. ಅದರ ಅಳತೆ 8.5 × 11 ಇಂಚು, ಅಂದರೆ 215.9 × 279.4 ಮಿಲಿಮೀಟರು. ಎ4ಗಿಂತ ಸುಮಾರು 6 ಮಿಲಿಮೀಟರು ಅಗಲ ಹೆಚ್ಚು, ಎತ್ತರ ಸುಮಾರು 18 ಮಿಲಿಮೀಟರು ಕಡಿಮೆ. ಅಂಗಡಿಯ ಕಂಪ್ಯೂಟರಿನಲ್ಲಿ 'ಫಿಟ್' ಎಂಬ ಆಯ್ಕೆ ಇದ್ದುದರಿಂದ ಪುಟ ಶೇಕಡಾ 97ಕ್ಕೆ ಕುಗ್ಗಿ, ಅಗಲದಲ್ಲಿ ಹಾಳೆಗೆ ಹೊಂದಿಕೊಂಡು, ಎತ್ತರದಲ್ಲಿ ನಡುವೆ ನಿಂತಿದೆ. ಮೇಲೂ ಕೆಳಗೂ ತಲಾ 12 ಮಿಲಿಮೀಟರಿಗಿಂತ ಹೆಚ್ಚು ಜಾಗ ಸೇರಿಕೊಂಡಿದೆ. ನಿಮ್ಮ ಒಂದಿಂಚು ಒಂದೂವರೆಯ ಹತ್ತಿರಕ್ಕೆ ಬಂದದ್ದು ಹೀಗೆ.

ಕ್ಲಾಸಿನ ಆಯ್ಕೆಗಳಲ್ಲಿ 'ಎ4ಪೇಪರ್' ಎಂದು ಸೇರಿಸಿ, ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಅಳತೆ 210 × 297 ಎಂದಿದೆಯೇ ನೋಡಿ. ಪ್ರಿಂಟ್ ಕೊಡುವಾಗ 'ಆ್ಯಕ್ಚುವಲ್ ಸೈಜ್' ಎಂದೇ ಆರಿಸಲು ಅಂಗಡಿಯವರಿಗೆ ಹೇಳಿ. ಅನುಮಾನ ಉಳಿದರೆ, ಕೊನೆಯ ಪುಟದಲ್ಲಿ ಸರಿಯಾಗಿ 10 ಸೆಂಟಿಮೀಟರಿನ ಒಂದು ಗೆರೆ ಎಳೆಯಿಸಿ, ಮುದ್ರಿತ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಅಳೆಯಿರಿ. 9.7 ಬಂದರೆ ಎಲ್ಲೋ ಇನ್ನೂ ಕುಗ್ಗುತ್ತಿದೆ ಎಂದರ್ಥ.

ಪ್ರಶ್ನೆ: ಅಡಿಕೆ ತೋಟದ ಹನ್ನೆರಡು ತಿಂಗಳ ಲೆಕ್ಕದ ಪಟ್ಟಿಯೊಂದು ಅಗಲದಲ್ಲಿ ಹಿಡಿಯುವುದಿಲ್ಲ. ಆ ಒಂದು ಪುಟವನ್ನು ಮಾತ್ರ ಅಡ್ಡ ಮಾಡಬಹುದೇ?
– ಓದುಗರು, ಕುಂಬಳೆ

ಉತ್ತರ: ಮಾಡಬಹುದು. 'ಪಿಡಿಎಫ್‌ಎಲ್‌ಸ್ಕೇಪ್' ಎಂಬ ಪ್ಯಾಕೇಜನ್ನು ಕರೆದು, ಪಟ್ಟಿಯನ್ನು 'ಲ್ಯಾಂಡ್‌ಸ್ಕೇಪ್' ಆವರಣದೊಳಗೆ ಇಡಿ. ತೆರೆಯ ಮೇಲೆಯೂ ಆ ಪುಟ ತಿರುಗಿ ಕಾಣುವುದರಿಂದ ಓದುವಾಗ ಕತ್ತು ಹೊರಳಿಸಬೇಕಾಗಿಲ್ಲ. ಜಿಯಾಮೆಟ್ರಿಯ 'ನ್ಯೂಜಿಯಾಮೆಟ್ರಿ' ಆಜ್ಞೆಯಿಂದ ಈ ಕೆಲಸ ಆಗದು. ನಡುವೆ ಅಂಚುಗಳನ್ನು ಬದಲಿಸಲು ಅದು ಬಿಡುತ್ತದೆಯೇ ಹೊರತು ಹಾಳೆಯ ಅಳತೆಯನ್ನಲ್ಲ.