ಇಬ್ಬರ ಜಗಳ, ಶಿಡ್ಲಘಟ್ಟದ ಲಾಭ?

ಪತ್ರ: ಅಮೆರಿಕ ಸುಂಕ ಹಾಕುತ್ತದೆ, ಚೀನಾ ಕಟ್ಟುತ್ತದೆ. ಅವರಿಬ್ಬರೂ ಬಡಿದಾಡಿಕೊಳ್ಳಲಿ, ಕಾರ್ಖಾನೆಗಳು ನಮ್ಮ ಕಡೆಗೆ ಬರುತ್ತವೆ. ಇದಕ್ಕೆ ಕಳೆದ ಸಂಚಿಕೆಯಲ್ಲಿ ಅಷ್ಟೊಂದು ಆತಂಕವೇಕೆ? ನಾನಂತೂ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಸ್ವಯಂಚಾಲಿತ ರೀಲಿಂಗ್ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದೇನೆ.
– ಒಬ್ಬ ರೀಲರ್, ಶಿಡ್ಲಘಟ್ಟ

ಸಂಪಾದಕರ ಉತ್ತರ: ಸುಂಕವನ್ನು ಚೀನಾ ಕಟ್ಟುವುದಿಲ್ಲ ಸ್ವಾಮಿ. ಬಂದರಿನಲ್ಲಿ ಸರಕು ಬಿಡಿಸಿಕೊಳ್ಳುವ ಅಮೆರಿಕದ ಆಮದುದಾರನೇ ಕಟ್ಟಬೇಕು. ಆಮೇಲೆ ಅದನ್ನು ಗಿರಾಕಿಯ ತಲೆಗೆ ಕಟ್ಟುತ್ತಾನೋ, ಚೀನಾದವನ ಬಳಿ ಬೆಲೆ ಇಳಿಸಿಕೊಳ್ಳುತ್ತಾನೋ, ಅದು ಅವನ ಚೌಕಾಸಿ. ರೇಷ್ಮೆಯವರಿಗೆ ಇದನ್ನು ನಾನು ಹೇಳಿಕೊಡಬೇಕೆ? 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ನಮ್ಮ ಬೆಳೆಗಾರರು ಬೀದಿಗಿಳಿದರು. ನೂಲು ಅಗ್ಗವಾಗುವುದು ನೇಕಾರರಿಗೆ ಬೇಕಾಗಿತ್ತು. 2013ರಲ್ಲಿ ಅದೇ ಸುಂಕ ಶೇ 15ಕ್ಕೆ ಏರಿತು. ಎರಡು ಸಲವೂ ಲಾಭನಷ್ಟದ ಲೆಕ್ಕ ನಡೆದದ್ದು ನಮ್ಮ ನಮ್ಮೊಳಗೇ.

ಮೂರನೆಯವನಿಗೆ ಲಾಭವಿದೆ ಎಂಬ ನಿಮ್ಮ ಮಾತು ಸುಳ್ಳಲ್ಲ. 2018ರ ಜುಲೈನಲ್ಲಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ 25 ಸುಂಕ ಹೇರಿದಾಗ ಬ್ರೆಜಿಲ್‌ನವರಿಗೆ ಸುಗ್ಗಿಯಾಯಿತು. ಅಮೆರಿಕ ತನ್ನ ರೈತರಿಗೆ 1,200 ಕೋಟಿ ಡಾಲರ್‌ವರೆಗಿನ ನೆರವು ಘೋಷಿಸಬೇಕಾಯಿತು. ನಮ್ಮ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತಿರುವುದಕ್ಕೂ ಈ ಜಗಳದ ಗಾಳಿ ಒಂದಿಷ್ಟು ಬೀಸಿದೆ.

ನನ್ನ ಆತಂಕ ಬೇರೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸುಂಕ ಶೇ 145ಕ್ಕೂ ಚೀನಾದ್ದು ಶೇ 125ಕ್ಕೂ ಏರಿದ್ದನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಮೇ ತಿಂಗಳಲ್ಲಿ ಜಿನೀವಾದಲ್ಲಿ ಕುಳಿತು ಅವರೇ ಅದನ್ನು ಶೇ 30, ಶೇ 10 ಎಂದು ಇಳಿಸಿಕೊಂಡರು. ಆದರೆ ಏಪ್ರಿಲ್ 4ರಂದು ಚೀನಾ ಸದ್ದಿಲ್ಲದೆ ಇನ್ನೊಂದು ಗಂಟು ಬಿಗಿದಿತ್ತು: ಏಳು ಬಗೆಯ ವಿರಳ ಭೂಲೋಹಗಳನ್ನೂ (ರೇರ್ ಅರ್ಥ್) ಅವುಗಳ ಅಯಸ್ಕಾಂತಗಳನ್ನೂ ಪರವಾನಗಿಯಿಲ್ಲದೆ ಹೊರಗೆ ಕಳುಹಿಸುವಂತಿಲ್ಲ. ಆ ಅಯಸ್ಕಾಂತ ಬೇಕಾಗುವುದು ವಿದ್ಯುತ್ ಸ್ಕೂಟರಿನ ಮೋಟಾರಿಗೆ. ಜಗಳ ಅವರಿಬ್ಬರದ್ದು, ಉತ್ಪಾದನೆ ನಿಂತೀತೆಂದು ಬೆವರಿದವರು ನಮ್ಮ ವಾಹನ ತಯಾರಕರು. ಸುಂಕವನ್ನಾದರೆ ಹಲ್ಲು ಕಚ್ಚಿ ಕಟ್ಟಿ ಸರಕು ತರಬಹುದು. ಪರವಾನಗಿಯೇ ಸಿಗದಿದ್ದರೆ ಜೇಬಿನಲ್ಲಿ ಹಣವಿದ್ದೂ ಏನು ಮಾಡುವುದು?

ನಿಮ್ಮೂರಿನ ಗೂಡಿನ ಮಾರುಕಟ್ಟೆಯಲ್ಲಿ ಒಮ್ಮೆ ಒಬ್ಬ ಹಿರಿಯರನ್ನು ನೋಡಿದೆ. ಹರಾಜಿಗಿಟ್ಟ ರಾಶಿಯಿಂದ ಒಂದು ಗೂಡು ಎತ್ತಿ, ಕಿವಿಯ ಬಳಿ ಅಲುಗಾಡಿಸಿ, ಒಳಗಿನ ಹುಳು ಕದಲುವ ಸದ್ದು ಕೇಳಿದ ಮೇಲೆಯೇ ಅವರು ಮೊಬೈಲಿನಲ್ಲಿ ಬೆಲೆ ಒತ್ತಿದರು. ನಮ್ಮ ಕಡೆಗೆ ಬರುವ ಕಾರ್ಖಾನೆಗಳನ್ನೂ ಹಾಗೆ ಅಲುಗಾಡಿಸಿ ನೋಡಬೇಕೆಂಬುದು ನನ್ನ ಹಟ. ಇಲ್ಲಿ ಜೋಡಿಸುವ ಫೋನಿನೊಳಗಿನ ಎಷ್ಟೋ ಬಿಡಿಭಾಗಗಳು ಈಗಲೂ ಚೀನಾದಿಂದ ಬರುತ್ತವೆ.

ಅಂದ ಹಾಗೆ, ನೀವು ಕೊಳ್ಳಲಿರುವ ಯಂತ್ರ. ನಮ್ಮ ರಾಜ್ಯಕ್ಕೆ ಬಂದಿರುವ ಇಂಥ ಯಂತ್ರಗಳಲ್ಲಿ ಚೀನಾದವೂ ಇವೆ. ಮುಂಗಡ ಕೊಡುವ ಮೊದಲು, ಬಿಡಿಭಾಗ ಕೆಟ್ಟರೆ ಎಲ್ಲಿಂದ ತರಿಸುತ್ತೀರಿ ಎಂದು ಮಾರುವವರನ್ನು ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೂ ಬರೆಯಿರಿ, ಅಚ್ಚು ಹಾಕುತ್ತೇವೆ.