ಮನೆಗೆ ಹೋಗುವ ಮುಂಚೆ ಒಂದು ರಕ್ತಪರೀಕ್ಷೆ

ಪ್ರಶ್ನೆ: ನನಗೆ 34 ವರ್ಷ, ಸಕಲೇಶಪುರದ ಕಡೆಯವನು. ಕಾಫಿ ಮೂಟೆ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವ ಲಾರಿ ಓಡಿಸುತ್ತೇನೆ. ಕುಡಿತ ಬಿಡಲು ಹಾಸನದಲ್ಲಿ ಚಿಕಿತ್ಸೆಗೆ ಸೇರಿ 20 ದಿನವಾಯಿತು, ಮುಂದಿನ ವಾರ ಮನೆಗೆ ಕಳಿಸುತ್ತಾರೆ. ಕುಡಿದಾಗ ಹೊರಗೆ ಹೆಂಗಸರ ಸಹವಾಸ ಮಾಡಿದ್ದೇನೆ, ಕೊನೆಯ ಸಲ ಎರಡು ತಿಂಗಳ ಹಿಂದೆ. ಕಾಂಡೋಮ್ ಬಳಸಿದ ನೆನಪಿಲ್ಲ. ಮೈಯಲ್ಲಿ ಯಾವ ತೊಂದರೆಯೂ ಕಾಣುತ್ತಿಲ್ಲ. ಹೆಂಡತಿಗೆ ಎರಡನೇ ಮಗುವಿನ ಆಸೆ. ಹೇಳಿದರೆ ಸಂಸಾರ ಉಳಿಯುವುದಿಲ್ಲ. ಏನು ಮಾಡಲಿ?

ಉತ್ತರ: ಕುಡಿತ ಬಿಡಲು ಹೊರಟವರಲ್ಲಿ ಈ ಮಾತನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ನೀವು ಕೇಳಿದ್ದೀರಿ, ಅದಕ್ಕೆ ನನ್ನ ಗೌರವವಿದೆ.

ತೊಂದರೆ ಕಾಣುತ್ತಿಲ್ಲ ಎಂಬ ಧೈರ್ಯವನ್ನು ಮಾತ್ರ ನಂಬಬೇಡಿ. ಎಚ್‌ಐವಿ ವರ್ಷಗಟ್ಟಲೆ ಸುಳಿವು ಕೊಡದೆ ಇರಬಲ್ಲದು. ಸಿಫಿಲಿಸ್ ಎಂಬ ಲೈಂಗಿಕ ರೋಗದ ಹುಣ್ಣು ನೋವಿಲ್ಲದೆ ಬಂದು ತಾನಾಗಿ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಗರ್ಭಿಣಿಗೆ ಅಂಟಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಅದೇ ಸಿಫಿಲಿಸ್ ಬೇಗ ಗೊತ್ತಾದರೆ ಪೆನ್ಸಿಲಿನ್ ಚುಚ್ಚುಮದ್ದಿಗೆ ವಾಸಿಯಾಗುತ್ತದೆ.

ಇವತ್ತೇ ನಿಮ್ಮ ಡಾಕ್ಟರರಿಗೆ ಎಲ್ಲವನ್ನೂ ಹೇಳಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಕೇಳಿ. ಕುಡಿತದಿಂದ ನೊಂದ ಲಿವರ್‌ಗೆ ಹೆಪಟೈಟಿಸ್ ಸೇರಿದರೆ ಪೆಟ್ಟು ಇಮ್ಮಡಿ. ಬಿ ಇಲ್ಲವೆಂದು ಗೊತ್ತಾದರೆ ಲಸಿಕೆ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಉಚಿತ. ಫಲಿತಾಂಶ ಲಾರಿ ಮಾಲೀಕರ ಕಿವಿಗೆ ಬೀಳುತ್ತದೆಂಬ ಭಯ ಬೇಡ, ಗುಟ್ಟು ಕಾಪಾಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಸೋಂಕು ತಗುಲಿದ ಹೊಸದರಲ್ಲಿ ರಕ್ತದಲ್ಲಿ ಕಾಣದೆಯೂ ಇರಬಹುದು. ಹಾಗಾಗಿ ಕೊನೆಯ ಸಹವಾಸಕ್ಕೆ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಹೆಂಡತಿಯ ಹತ್ತಿರ ಹೋಗಬೇಡಿ.

ಇನ್ನೊಂದು ಮಾತು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ಕೊಡುತ್ತಿದ್ದರೆ, ಸೋಂಕಿಗೆ ಔಷಧಿ ಬರೆಯುವ ಡಾಕ್ಟರರಿಗೆ ಅದನ್ನು ಮರೆಯದೆ ತಿಳಿಸಿ. ಕೆಲವು ಲೈಂಗಿಕ ಸೋಂಕುಗಳಿಗೆ ಕೊಡುವ ಮೆಟ್ರೊನಿಡಜೋಲ್ ಅದರ ಜೊತೆ ಸೇರಿದರೆ ಮನಸ್ಸಿನ ಸ್ತಿಮಿತವೇ ತಪ್ಪಬಹುದು.

ಹೆಂಡತಿಗೆ ಹೇಳಬೇಕೇ? ಹೇಳಲೇಬೇಕು. ಮಗು ಬೇಕೆನ್ನುವವಳ ಮುಂದೆ ಕಾಂಡೋಮ್‌ಗೆ ಏನು ನೆಪ ಹೇಳುತ್ತೀರಿ? ಎರಡು ತಿಂಗಳ ಹಿಂದಿನದು ಕೊನೆಯ ಸಲ ಅಷ್ಟೆ, ಮೊದಲನೆಯದಲ್ಲ. ನಡುನಡುವೆ ಮನೆಗೂ ಹೋಗಿಬಂದಿದ್ದೀರಿ. ಆಕೆಯ ರಕ್ತಪರೀಕ್ಷೆಯೂ ಆಗಬೇಕು, ಏಕೆಂದು ತಿಳಿದುಕೊಳ್ಳುವ ಹಕ್ಕು ಆಕೆಗಿದೆ. ಆಕೆ ಅಳಬಹುದು, ತವರಿಗೆ ಹೊರಡಬಹುದು. ಆ ನೋವನ್ನು ನೀವು ಹೊರಲೇಬೇಕು. ಆದರೆ ಮನೆಯ ಜಗಲಿಯಲ್ಲಿ, ಅತ್ತೆ ಮಾವನ ಎದುರು ಈ ಮಾತು ಬೇಡ. ಬಿಡುಗಡೆಗೆ ಮುಂಚೆ ಆಕೆಯನ್ನು ಹಾಸನಕ್ಕೆ ಕರೆಸಿ, ಆಪ್ತಸಮಾಲೋಚಕರು ಜೊತೆಗಿರುವಾಗ ನೀವೇ ಹೇಳಿ. ಅವಮಾನದಲ್ಲಿ ನಿಮ್ಮ ಕಾಲು ಮತ್ತೆ ಬಾಟಲಿಯ ಕಡೆಗೆ ತಿರುಗದಂತೆ ನೋಡಿಕೊಳ್ಳಲೂ ಅಲ್ಲಿ ಜನರಿದ್ದಾರೆ. ಅದಕ್ಕೂ ಮುಂಚೆ ಯಾರೊಡನಾದರೂ ಮಾತಾಡಬೇಕೆನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ.